ಕಾಂಡ ದಪ್ಪವಾಗಬೇಕೇ? ಮೊದಲು ಕತ್ತರಿ ಕೆಳಗಿಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಎಲ್ಮ್ ಎಂಬ ಮರದ ಬೋನ್ಸಾಯ್‌ನ ಕಾಂಡದ ಬಗ್ಗೆಯೇ. ಬರೆದವರು ಬೇರೆ ಬೇರೆ, ದೂರು ಒಂದೇ. ಅವುಗಳಲ್ಲಿ ಒಂದನ್ನು ಎತ್ತಿಕೊಂಡು ವಿವರವಾಗಿ ಉತ್ತರಿಸುತ್ತೇನೆ; ಮಿಕ್ಕವಕ್ಕೆ ಚುಟುಕು ಉತ್ತರ ಸಾಕು. ಕುಂಡದ ತಳದಲ್ಲಿ ತೂತು ಬೇಕೇ ಎಂಬಲ್ಲಿಂದ ಶುರು ಮಾಡಬೇಕಾದವರು ದಯವಿಟ್ಟು ಇದನ್ನು ಆಮೇಲೆ ಓದಿ.

ಪ್ರಶ್ನೆ: ನನ್ನ ಬಳಿ ನಾಲ್ಕು ವರ್ಷದ ಚೀನೀ ಎಲ್ಮ್ ಇದೆ. ಮೊದಲಿನಿಂದಲೂ ಬೋನ್ಸಾಯ್ ಕುಂಡದಲ್ಲೇ ಬೆಳೆಸಿದ್ದೇನೆ. ಚಿಗುರು ಬಂದ ಹಾಗೆಲ್ಲ ಚಿವುಟಿ ಆಕಾರ ಕಾಪಾಡಿದ್ದೇನೆ. ಎಲೆಗಳು ಹಸಿರಾಗಿವೆ. ಆದರೆ ಕಾಂಡ ಬುಡದಿಂದ ತುದಿಯವರೆಗೆ ಪೆನ್ಸಿಲಿನಂತೆ ಒಂದೇ ದಪ್ಪ. ಏನು ಹಾಕಿದರೆ ಬುಡ ದಪ್ಪವಾಗುತ್ತದೆ?

ಉತ್ತರ: ಏನೂ ಹಾಕಬೇಡಿ. ನಿಮ್ಮ ಗಿಡಕ್ಕೆ ರೋಗವಿಲ್ಲ, ಪೋಷಕಾಂಶದ ಕೊರತೆಯೂ ಕಾಣುತ್ತಿಲ್ಲ. ಅದು ದಪ್ಪವಾಗಲು ಹೊರಟಾಗಲೆಲ್ಲ ನೀವೇ ಚಿವುಟಿ ಕೂರಿಸಿದ್ದೀರಿ. ಆಕಾರ ಕಾಪಾಡಿದೆ ಎನ್ನುತ್ತೀರಿ. ಕಾಪಾಡಲು ಅಲ್ಲಿ ಆಕಾರವೇ ಇನ್ನೂ ಹುಟ್ಟಿಲ್ಲ.

ತೊಗಟೆಗೂ ಕಟ್ಟಿಗೆಗೂ ನಡುವೆ ಕ್ಯಾಂಬಿಯಂ ಎಂಬ ತೆಳು ಪದರವಿದೆ. ಎಲೆಗಳು ತಯಾರಿಸಿದ ಸಕ್ಕರೆ ಒಳತೊಗಟೆಯ ಮೂಲಕ ಕೆಳಗಿಳಿಯುತ್ತದೆ, ಅದರ ಬಲದಿಂದ ಈ ಪದರ ಒಳಗಡೆ ಹೊಸ ಕಟ್ಟಿಗೆಯನ್ನೂ ಹೊರಗಡೆ ಹೊಸ ತೊಗಟೆಯನ್ನೂ ಕಟ್ಟುತ್ತದೆ. ಎಲೆ ಹೆಚ್ಚಿದಷ್ಟೂ ಕಟ್ಟಿಗೆ ಹೆಚ್ಚು. ಒಂದು ರೆಂಬೆ ದಪ್ಪ ಮಾಡುವುದು ತನ್ನ ಕೆಳಗಿನ ಕಾಂಡವನ್ನೇ ಹೊರತು ಮೇಲಿನದನ್ನಲ್ಲ. ಇಷ್ಟು ತಲೆಗೆ ಹೋದರೆ ಮುಂದಿನದನ್ನು ನೀವೇ ಊಹಿಸಬಹುದು: ಎಲ್ಲ ಎಲೆಗಳೂ ತುದಿಯಲ್ಲಿ ಗುಂಪುಗೂಡಿ, ಕೆಳಗೆ ಒಂದೂ ರೆಂಬೆ ಇಲ್ಲದಿದ್ದರೆ ಇಡೀ ಕಾಂಡ ಒಂದೇ ಅಳತೆಯಲ್ಲಿ ಉಳಿಯುವುದು ಸಹಜ.

ಹಾಗಾದರೆ ಮಾಡಬೇಕಾದದ್ದೇನು? ಬೋನ್ಸಾಯ್ ಕುಂಡದಿಂದ ಗಿಡವನ್ನು ಬಿಡುಗಡೆ ಮಾಡಿ. ನೆಲವಿದ್ದರೆ ನೆಲ, ಇಲ್ಲವಾದರೆ ಅಗಲವಾದ ಮರದ ಪೆಟ್ಟಿಗೆ. ನೆಲದಲ್ಲಿ ನೆಡುವಾಗ ಬೇರಿನ ಅಡಿಗೆ ಒಂದು ಹಂಚಿನ ಬಿಲ್ಲೆ ಇಡಿ. ಬೇರುಗಳು ಕೆಳಗಿಳಿಯದೆ ಸುತ್ತಲೂ ಹರಡುತ್ತವೆ, ಬುಡ ಅಗಲವಾಗಿ ಕೂರುತ್ತದೆ. ಆಮೇಲೆ ಬಿಸಿಲು, ನೀರು, ಗೊಬ್ಬರ ಕೊಟ್ಟು ಕೈ ಕಟ್ಟಿಕೊಂಡಿರಿ. ನೆಲದಲ್ಲಿ ನೆಲೆಯೂರಿದ ಎಲ್ಮ್ ಒಂದೇ ಬೆಳವಣಿಗೆಯ ಕಾಲದಲ್ಲಿ ಮೀಟರ್ ಉದ್ದದ ಚಿಗುರುಗಳನ್ನು ಹೊರಡಿಸುತ್ತದೆ. ನೋಡಲು ಪೊದೆಯಂತಾಗುತ್ತದೆ, ಮನೆಗೆ ಬಂದವರು ಇದೇನು ಬೋನ್ಸಾಯ್ ಎಂದು ನಗುತ್ತಾರೆ. ನಗಲಿ. ಹೆಚ್ಚಿನವರು ಸೋಲುವುದು ಈ ಹಂತದಲ್ಲೇ: ಎರಡು ತಿಂಗಳು ತಾಳಿ, ಮೂರನೆಯ ತಿಂಗಳು ಕೈ ತಡೆಯದೆ ಸುತ್ತಲೂ ಸವರಿ ಮತ್ತೆ ಉಂಡೆ ಮಾಡಿ ಇಡುತ್ತಾರೆ.

ಎಷ್ಟು ದಪ್ಪವಾಗುವವರೆಗೆ ಬಿಡಬೇಕು? ಬೋನ್ಸಾಯ್‌ನಲ್ಲಿ ರೂಢಿಯಾಗಿರುವ ಲೆಕ್ಕ ಒಂದಕ್ಕೆ ಆರು. ಮೂವತ್ತು ಸೆಂಟಿಮೀಟರ್ ಎತ್ತರದ ಮರ ಬೇಕಿದ್ದರೆ ಬುಡ ಐದು ಸೆಂಟಿಮೀಟರ್ ದಪ್ಪ ಇರಲಿ. ಅದು ಶಾಸನವಲ್ಲ, ಅಂದಾಜು. ಆದರೆ ನಿಮ್ಮ ಪೆನ್ಸಿಲ್ ಅಲ್ಲಿಗೆ ತಲುಪಲು ವರ್ಷಗಳೇ ಬೇಕು, ಅದಕ್ಕೆ ಮನಸ್ಸಿಲ್ಲವೆಂದರೆ ದಪ್ಪ ಬುಡದ ಗಿಡವನ್ನೇ ಹುಡುಕಿ ತನ್ನಿ.

ಬುಡ ದಪ್ಪವಾದ ಮೇಲೆ ಕತ್ತರಿಗೆ ಕೆಲಸ ಬರುತ್ತದೆ. ಕತ್ತರಿಗಲ್ಲ, ಗರಗಸಕ್ಕೆ. ಚಳಿ ಕಳೆದು ಚಿಗುರಿನ ಕಣ್ಣುಗಳು ಉಬ್ಬುವ ಸ್ವಲ್ಪ ಮುಂಚೆ, ಅಂತಿಮ ಎತ್ತರದ ಮೂರನೇ ಒಂದು ಭಾಗದಷ್ಟನ್ನು ಉಳಿಸಿ ಕಾಂಡವನ್ನೇ ಕತ್ತರಿಸಿ. ಮೂವತ್ತು ಸೆಂಟಿಮೀಟರಿನ ಮರಕ್ಕೆ ಹತ್ತರ ಆಸುಪಾಸು. ಮೊದಲ ಸಲ ಅಡ್ಡಡ್ಡ ನೇರವಾಗಿ ಕತ್ತರಿಸಿ, ಓರೆಯಾಗಿ ಬೇಡ. ಹೊಸ ಚಿಗುರು ಯಾವ ಕಡೆ ಏಳುತ್ತದೆಂದು ಗೊತ್ತಾಗುವ ಮೊದಲೇ ಓರೆ ಕೊಯ್ದರೆ, ಅದು ತಪ್ಪು ಬದಿಯಲ್ಲಿ ಎದ್ದಾಗ ಮಾಡುವುದೇನೂ ಇರುವುದಿಲ್ಲ. ಗಾಯದ ಅಂಚು ಒಣಗದಂತೆ ಲೇಪ ಹಚ್ಚಿ.

ಕೆಲವು ವಾರ ಕಳೆದ ಮೇಲೆ ಗಾಯವನ್ನು ಹತ್ತಿರದಿಂದ ನೋಡಿ. ಕಟ್ಟಿಗೆಗೂ ತೊಗಟೆಗೂ ನಡುವಿನ ಗೆರೆಯಲ್ಲಿ ಸಾಸಿವೆ ಗಾತ್ರದ ತಿಳಿಹಸಿರು ಗುಳ್ಳೆಗಳು ವೃತ್ತಾಕಾರವಾಗಿ ಏಳುತ್ತವೆ. ಪ್ರತಿಯೊಂದೂ ಒಂದು ಚಿಗುರು. ಎಲ್ಮ್‌ನ ಗುಣ ಇದು, ಅಪಾಯವೂ ಇದೇ. ಎಷ್ಟು ಚೆಂದ ಚಿಗುರಿದೆ ಎಂದು ಎಲ್ಲವನ್ನೂ ಬಿಟ್ಟವರ ಗಿಡದಲ್ಲಿ ಆ ಜಾಗ ಗಂಟುಕಟ್ಟಿ ಊದಿಕೊಳ್ಳುತ್ತದೆ. ಬುಡಕ್ಕಿಂತ ಮೇಲು ದಪ್ಪವಾದ ಕಾಂಡವನ್ನು ಸರಿಪಡಿಸುವುದು ಹೊಸ ಗಿಡ ಬೆಳೆಸುವುದಕ್ಕಿಂತ ಕಷ್ಟ. ಚಿಗುರುಗಳು ಎಳೆಯದಾಗಿರುವಾಗಲೇ ಬೇಕಾದ ದಿಕ್ಕಿನ ಒಂದನ್ನು, ಮುನ್ನೆಚ್ಚರಿಕೆಗೆ ಅದರ ಕೆಳಗಿನ ಇನ್ನೊಂದನ್ನು ಉಳಿಸಿ, ಮಿಕ್ಕದ್ದನ್ನು ಉಜ್ಜಿ ತೆಗೆಯಿರಿ. ಉಳಿಸಿದ್ದು ಹಸಿರಾಗಿರುವಾಗಲೇ ತಂತಿ ಸುತ್ತಿ ಮೇಲ್ಮುಖವಾಗಿ ತಿರುಗಿಸಿ. ಬಲಿತ ಮೇಲೆ ಆ ಸಂದು ಬಗ್ಗುವುದಿಲ್ಲ, ಮುರಿಯುತ್ತದೆ.

ಇನ್ನು ಮತ್ತೆ ಸುಮ್ಮನಿರುವ ಕಾಲ. ಹೊಸ ತುದಿಯ ಬುಡ, ಕೆಳಗಿನ ಕಾಂಡದ ಮೂರನೇ ಎರಡು ಭಾಗದಷ್ಟು ದಪ್ಪವಾಗುವವರೆಗೆ ಅದನ್ನು ಮುಟ್ಟಬೇಡಿ. ಅದು ಗಟ್ಟಿಯಾದ ಮೇಲೆ ಹಳೆಯ ಮೋಟನ್ನು ಹಿಂದಕ್ಕೆ ಇಳಿಜಾರಾಗಿ ಕೊಯ್ದು ತೆಗೆಯಬಹುದು. ದಪ್ಪ ಸಾಕೆನಿಸಿದಾಗ ಹೊಸ ತುದಿಯನ್ನೂ ಕತ್ತರಿಸಿ, ಈ ಬಾರಿ ಉಳಿಸುವ ತುಂಡು ಮೊದಲಿನದಕ್ಕಿಂತ ಗಿಡ್ಡದಿರಲಿ. ಹತ್ತು ಸೆಂಟಿಮೀಟರ್, ಆಮೇಲೆ ಆರು, ಆಮೇಲೆ ನಾಲ್ಕು. ಎಲ್ಮ್‌ನ ಎಲೆಗಳು ಒಂದು ಈ ಬದಿ, ಮುಂದಿನದು ಆ ಬದಿ ಎಂಬಂತೆ ಬರುತ್ತವೆ, ಪ್ರತಿ ಎಲೆಯ ಕಂಕುಳಲ್ಲೂ ಒಂದು ಕಣ್ಣು. ನೀವು ಉಳಿಸಿದ ಕೊನೆಯ ಕಣ್ಣು ಯಾವ ಕಡೆಗಿದೆಯೋ ಕಾಂಡ ಆ ಕಡೆ ತಿರುಗುತ್ತದೆ. ಹೀಗೆ ಬೆಳೆಸಿ ಕಡಿಯುವುದರಿಂದಲೇ ಟೇಪರ್, ಅಂದರೆ ಬುಡದಿಂದ ತುದಿಗೆ ಕಾಂಡ ಸಣ್ಣಗಾಗುತ್ತ ಹೋಗುವ ಆಕಾರ, ಬರುತ್ತದೆ. ಬೆಳೆಯುತ್ತಿರುವುದನ್ನು ದಿನವೂ ತುಸು ತುಸು ಸವರುವುದರಿಂದ ಎಂದೂ ಬರುವುದಿಲ್ಲ.

ಬುಡವನ್ನಷ್ಟೇ ಇನ್ನೂ ದಪ್ಪ ಮಾಡಬೇಕೆನ್ನುವವರಿಗೆ ಇನ್ನೊಂದು ಉಪಾಯವಿದೆ. ಬುಡದ ಹತ್ತಿರ, ಹಿಂಬದಿಯಲ್ಲಿ ಒಂದು ರೆಂಬೆಯನ್ನು ಬಲಿಗೆಂದೇ ಬೆಳೆಸಿ. ಆ ರೆಂಬೆಯಲ್ಲಿ ಕಾಂಡದ ಹತ್ತಿರವಿರುವ ಎಲೆಗಳನ್ನು ಕಿತ್ತು ಇತರ ರೆಂಬೆಗಳಿಗೆ ಬೆಳಕು ಬಿಡಿ, ಆದರೆ ಅದರ ತುದಿಗೆ ಕೈ ಹಚ್ಚಬೇಡಿ. ಕೆಲಸ ಮುಗಿದ ಮೇಲೆ ಕತ್ತರಿಸಿ ಎಸೆಯಿರಿ. ನನಗೆ ಇಲ್ಲಿ ಒಂದು ಅಂಜಿಕೆ ಇದೆ: ಲೋಭಕ್ಕೆ ಬಿದ್ದು ಆ ರೆಂಬೆಯನ್ನು ಕಾಂಡದಷ್ಟೇ ದಪ್ಪ ಮಾಡಿಕೊಂಡರೆ ಗಾಯ ಮುಚ್ಚಲು ಇನ್ನಷ್ಟು ವರ್ಷ ಕಾಯಬೇಕು. ಅರ್ಧ ದಪ್ಪಕ್ಕೇ ತೆಗೆಯುವುದು ನನ್ನ ಪದ್ಧತಿ. ಹಾಗೆಯೇ ಒಂದೇ ವರ್ಷ ತಲೆಯನ್ನೂ ಬೇರನ್ನೂ ಕತ್ತರಿಸಬೇಡಿ. ಎಲ್ಮ್ ತಡೆದುಕೊಳ್ಳುತ್ತದೆ ಎಂದು ವಾದಿಸುವವರಿದ್ದಾರೆ. ತಡೆದುಕೊಳ್ಳುವುದೂ ಉಂಟು. ಆದರೂ ಹಾಗೆ ಮಾಡಿ ಎಂದು ನಾನು ಹೇಳಲಾರೆ.

ಕಾಂಡ ದಪ್ಪ ಮಾಡುವ ದ್ರಾವಣ ಎಂದು ಬಾಟಲಿ ಮಾರುವವರ ಬಗ್ಗೆ ಕೇಳಿದವರಿಗೂ ಇಲ್ಲೇ ಉತ್ತರ ಸಿಕ್ಕಿತೆಂದುಕೊಳ್ಳುತ್ತೇನೆ. ಎಲೆಯಿಲ್ಲದೆ ಕಟ್ಟಿಗೆ ಕಟ್ಟುವ ದ್ರಾವಣ ಯಾರ ಬಳಿಯೂ ಇಲ್ಲ. ಸುತ್ತಿಗೆಯಿಂದ ಕಾಂಡ ಬಡಿಯುವುದು, ತಂತಿ ಬಿಗಿದು ಊತ ಬರಿಸುವುದು ಇವೆಲ್ಲ ಗಿಡಕ್ಕೆ ಕೊಡುವ ಚಿತ್ರಹಿಂಸೆ. ಸಿಗುವುದು ಗಾಯದ ಗುರುತು, ಟೇಪರ್ ಅಲ್ಲ.

ಪ್ರಶ್ನೆ: ಕಾಂಡದ ಕೆಳಭಾಗ ಬೋಳಾಗಿದೆ. ಅಲ್ಲಿ ಹೊಸ ಚಿಗುರು ಬರಿಸಬಹುದೇ?

ಉತ್ತರ: ಎಲ್ಮ್‌ನಲ್ಲಿ ಬರಿಸಬಹುದು, ಹಳೆಯ ತೊಗಟೆಯಿಂದಲೂ ಅದು ಚಿಗುರುತ್ತದೆ. ತುದಿಯ ಚಿಗುರು ಕಳುಹಿಸುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಕಣ್ಣುಗಳನ್ನು ಮಲಗಿಸಿಡುತ್ತದೆ; ತುದಿ ಹೋದರೆ ಅವು ಏಳುತ್ತವೆ. ಮೊದಲು ಗಿಡವನ್ನು ಚೆನ್ನಾಗಿ ಬೆಳೆಯಲು ಬಿಟ್ಟು ಆಮೇಲೆ ಗಟ್ಟಿಯಾಗಿ ಹಿಂದಕ್ಕೆ ಸವರಿ, ಬೋಳು ಕಾಂಡಕ್ಕೆ ಬಿಸಿಲು ತಾಗಲಿ. ಸೊರಗಿದ ಗಿಡಕ್ಕೆ ಇದನ್ನು ಮಾಡಿದರೆ ಇದ್ದದ್ದೂ ಹೋಗುತ್ತದೆ.

ಪ್ರಶ್ನೆ: ಮನೆಯೊಳಗೆ ಮೇಜಿನ ಮೇಲಿಟ್ಟಿದ್ದೇನೆ. ಚಿಗುರು ಸಪೂರವಾಗಿ ಉದ್ದಕ್ಕೆ ಬರುತ್ತಿದೆ.

ಉತ್ತರ: ಬೆಳಕು ಸಾಲದು. ಹೊರಗಿಡಿ. ಅದು ಮರ, ಮೇಜಿನ ಅಲಂಕಾರವಲ್ಲ.

ಪ್ರಶ್ನೆ: ಹೆಬ್ಬೆರಳು ಗಾತ್ರದ ನೇರ ಕಾಂಡಕ್ಕೆ ತಂತಿ ಸುತ್ತಿ ಬಳುಕಿಸಬಹುದೇ?

ಉತ್ತರ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಕತ್ತರಿಸಿ ಹೊಸ ದಿಕ್ಕು ಕೊಡಿ. ಎಳೆಯ ರೆಂಬೆಗೆ ತಂತಿ ಸುತ್ತಿದವರು ವಾರಕ್ಕೊಮ್ಮೆ ನೋಡುತ್ತಿರಿ, ಎಲ್ಮ್ ಬೇಗ ದಪ್ಪವಾಗಿ ತಂತಿ ತೊಗಟೆಯೊಳಗೆ ಇಳಿದುಬಿಡುತ್ತದೆ.

ಪ್ರಶ್ನೆ: ಬೋನ್ಸಾಯ್ ಬೀಜ ಎಂದು ಮಾರುತ್ತಿದ್ದಾರೆ, ಕೊಳ್ಳಬಹುದೇ?

ಉತ್ತರ: ಕುಳ್ಳ ಮರದ ಬೀಜ ಎಂಬುದಿಲ್ಲ. ಸಾಮಾನ್ಯ ಮರದ ಬೀಜಕ್ಕೆ ಹೆಚ್ಚಿನ ಬೆಲೆ ಕೊಡುತ್ತೀರಿ, ಅಷ್ಟೇ.

ಪ್ರಶ್ನೆ: ಎಲೆಯೆಲ್ಲ ಉದುರಿದೆ. ಗಿಡ ಬದುಕಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಚಳಿಗೆ ಎಲ್ಮ್ ಎಲೆ ಉದುರಿಸುವುದುಂಟು, ಗಾಬರಿ ಬೇಡ. ಸಣ್ಣ ರೆಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆಯಿರಿ. ಕೆಳಗೆ ಹಸಿರಿದ್ದರೆ ಜೀವವಿದೆ. ಒಣಗಿ ಕಂದಾಗಿದ್ದರೆ ಇನ್ನೂ ಕೆಳಗೆ, ಕಾಂಡದ ಹತ್ತಿರ ನೋಡಿ. ಒಮ್ಮೆ ಹಸಿರು ಕಂಡ ಮೇಲೆ ದಿನವೂ ಕೆರೆದು ಪರೀಕ್ಷಿಸಬೇಡಿ.