ಮೂರನೇ ವಾರಕ್ಕೇ ವ್ಯಾಯಾಮ ನಿಂತುಹೋಗುತ್ತಿದ್ದರೆ

ಜಿಮ್ ಸೇರಿದ ಮೂರು ಸಲವೂ ಮೂರನೇ ವಾರಕ್ಕೇ ಬಿಟ್ಟೆ, ಏನು ಮಾಡಲಿ ಅಂತ ಕೇಳಿದ್ದೀರಿ. ಇದು ಸೋಮಾರಿತನ ಅಲ್ಲ, ಶುರುವಿನಲ್ಲೇ ಜಾಸ್ತಿ ಮಾಡಿದ್ದರ ಫಲ ಅನ್ನಿಸುತ್ತದೆ. ಬೆಳಿಗ್ಗೆ 5ಕ್ಕೆ ಎದ್ದು ದಿನಾ ಒಂದೂವರೆ ಗಂಟೆ! ನಾನೂ ಹೀಗೇ ಮಾಡಿ ಕೈಬಿಟ್ಟವನು.

ಮೊದಲು ಹೊತ್ತು ಬದಲಿಸಿ. ರಾತ್ರಿ 12ಕ್ಕೆ ಮಲಗುವವರು ಸಂಜೆ ಮಾಡಿದರೆ ತಪ್ಪೇನಿಲ್ಲ. ಆಮೇಲೆ ಎರಡು ವಾರ, ವಾರಕ್ಕೆ ಮೂರೇ ದಿನ, 20 ನಿಮಿಷ ಸಾಕು. ಇನ್ನೂ ಮಾಡಬಹುದು ಅನ್ನಿಸುವಾಗಲೇ ನಿಲ್ಲಿಸಿ (ಕಷ್ಟ ಇರುವುದೇ ಇಲ್ಲಿ). ಎಷ್ಟು ಬಿರುಸು ಅಂದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮೈಕೈ ನೋವು ಒಂದರಿಂದ ಮೂರು ದಿನ ಜೋರಾಗಿದ್ದು ತಾನೇ ಇಳಿಯುತ್ತದೆ. ಮಂಡಿ ಚುಚ್ಚಿದರೆ ಮಾತ್ರ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಅದಿರಲಿ, ಜಿಮ್ಮೇ ಆಗಬೇಕಾ? ಕನ್ನಡಿ ಮುಂದೆ ಮುಜುಗರ ಅಂದಿರಲ್ವಾ. ನಡಿಗೆ, ಈಜು, ಸೈಕಲ್, ಡಾನ್ಸ್, ಒಂದೊಂದನ್ನೂ ಎರಡು ವಾರ ಮಾಡಿ ನೋಡಿ. ಮುಗಿದ ಮೇಲೆ ಹೇಗನ್ನಿಸಿತು ಅಂತ ಒಂದು ಸಾಲು ಬರೆದಿಡಿ. ನಿಮಗೆ ಯಾವುದು ಒಗ್ಗುತ್ತದೆ ಅಂತ ನಾನು ಹೇಳಲಾರೆ, ಆ ಸಾಲುಗಳು ಹೇಳುತ್ತವೆ.

ಒಂದು ಸಿಕ್ಕ ಮೇಲೆ ವಾರಕ್ಕೆ 10 ನಿಮಿಷದಂತೆ ಏರಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷ ಮುಟ್ಟಲು ಎರಡು ತಿಂಗಳು ಹಿಡಿಯುತ್ತದೆ. ಹಿಡಿಯಲಿ.