ಉಪ್ಪುನೀರಿನಲ್ಲಿ ಗುಳ್ಳೆ, ಸಕ್ಕರೆ ನೀರಿನಲ್ಲಿ ಯಾಕಿಲ್ಲ?

ಪ್ರಶ್ನೆ: ಎಸ್ಸೆಸ್ಸೆಲ್ಸಿ ಓದುವ ಮಗಳು 9 ವೋಲ್ಟ್ ಬ್ಯಾಟರಿಗೆ ಎರಡು ಪೆನ್ಸಿಲ್ ಕಡ್ಡಿ ಕಟ್ಟಿ ಉಪ್ಪುನೀರಿಗೆ ಇಳಿಸಿದಳು. ಎರಡರಲ್ಲೂ ಗುಳ್ಳೆ ಬಂತು, ಜೊತೆಗೆ ಈಜುಕೊಳದ ವಾಸನೆ. ಸಕ್ಕರೆ ನೀರಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ, ಒಣ ಉಪ್ಪಿನಲ್ಲೂ ಇಲ್ಲ. ಯಾಕೆ? ಇನ್ನೊಂದು, ಆನೋಡ್ ಅಂದ್ರೆ ಪ್ಲಸ್ಸಾ ಮೈನಸ್ಸಾ? ಪುಸ್ತಕದಲ್ಲಿ ಒಂದೊಂದು ಕಡೆ ಒಂದೊಂದು ಥರ ಇದೆ.
- ಒಬ್ಬ ತಾಯಿ, ಹಾಸನ

ಉತ್ತರ: ಮಗಳಿಗೆ ಶಹಬ್ಬಾಸ್ ಹೇಳಿ, ಹಾಗೇ ಕಿಟಕಿ ತೆಗೆಯಿರಿ. ಆ ವಾಸನೆ ಕ್ಲೋರಿನ್‌ನದು, ಮೂಸುತ್ತಾ ಕೂರುವಂಥದ್ದಲ್ಲ.

ಉಪ್ಪಿನಲ್ಲಿ ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಟ್ಟಿರುತ್ತದೆ. ಕೊಟ್ಟದ್ದು ಪ್ಲಸ್ ಆಯಿತು, ಪಡೆದದ್ದು ಮೈನಸ್. ಹೀಗಾದ ಕಣಗಳೇ ಅಯಾನುಗಳು, ಅವುಗಳ ನಡುವಿನ ಸೆಳೆತವೇ ಅಯಾನಿಕ ಬಂಧ. ಒಣ ಉಪ್ಪಿನಲ್ಲೂ ಅಯಾನುಗಳಿವೆ, ಆದರೆ ಒಂದನ್ನೊಂದು ಕಚ್ಚಿಕೊಂಡು ಕೂತಿರುವುದರಿಂದ ಜಾಗ ಬಿಟ್ಟು ಕದಲುವ ಹಾಗಿಲ್ಲ. ನೀರಿಗೆ ಹಾಕಿದರೆ, ಇಲ್ಲವೇ 801 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕರಗಿಸಿದರೆ, ಬಿಡುಗಡೆಯಾಗಿ ಓಡಾಡುತ್ತವೆ, ಕರೆಂಟು ಹರಿಯುತ್ತದೆ. ಸಕ್ಕರೆಯಲ್ಲಿ ಈ ಕೊಡು-ತೊಗೋ ಇಲ್ಲ. ಅಲ್ಲಿ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡಿವೆ, ಅದು ಸಹವೇಲೆನ್ಸಿ ಬಂಧ. ಕರಗಿದರೂ ಇಡೀ ಅಣುವಾಗಿಯೇ ಇರುತ್ತದೆ, ಕರೆಂಟು ಹೊರುವವರೇ ಇಲ್ಲ. ಒಂದೆರಡು ಗುಳ್ಳೆ ಬಂದಿದ್ದರೆ ಅದು ನಲ್ಲಿ ನೀರಿನ ಲವಣದ ಕೆಲಸ.

ಪ್ಲಸ್ ಕಡ್ಡಿಯಲ್ಲಿ ಕ್ಲೋರಿನ್ ಬಂತು, ಮೈನಸ್ಸಿನಲ್ಲಿ ಸೋಡಿಯಂ ಬರಬೇಕಿತ್ತು ಅಲ್ವಾ? ಬರುವುದಿಲ್ಲ. ಅಲ್ಲಿ ನೀರೇ ಎಲೆಕ್ಟ್ರಾನ್ ತೆಗೆದುಕೊಂಡು ಹೈಡ್ರೋಜನ್ ಬಿಡುತ್ತದೆ, ಸುತ್ತ ಕಾಸ್ಟಿಕ್ ಸೋಡಾ ಆಗುತ್ತದೆ. ಬೇಕಾದರೆ ಆ ಕಡ್ಡಿಯ ಹತ್ತಿರ ಚಿಟಿಕೆ ಅರಿಶಿನ ಉದುರಿಸಿ ನೋಡಿ, ಸುಣ್ಣ ಕದಡಿದ ಆರತಿ ನೀರಿನ ಹಾಗೆ ಕೆಂಪಾಗುತ್ತದೆ. (ಕಾರಣವೂ ಅದೇ, ಎರಡೂ ಕ್ಷಾರ.) 1807ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಮೊದಲ ಸಲ ಸೋಡಿಯಂ ತೆಗೆದದ್ದು ಕಾಸ್ಟಿಕ್ ಸೋಡಾಕ್ಕೇ ಕರೆಂಟು ಹಾಯಿಸಿ, ಉಪ್ಪುನೀರಿನಿಂದಲ್ಲ.

ಆನೋಡ್ ವಿಷಯದಲ್ಲಿ ಪುಸ್ತಕ ತಪ್ಪಿಲ್ಲ. ಆನೋಡ್, ಕ್ಯಾಥೋಡ್, ಅಯಾನು ಎಂಬ ಹೆಸರುಗಳನ್ನು 1834ರಲ್ಲಿ ಬಳಕೆಗೆ ತಂದದ್ದು ವಿಜ್ಞಾನಿ ಮೈಕೆಲ್ ಫ್ಯಾರಡೆ, ಹೆಸರು ಹುಡುಕಲು ಸಹಾಯ ಮಾಡಿದ್ದು ಗ್ರೀಕ್ ಬಲ್ಲ ವಿಲಿಯಂ ಹ್ಯೂವೆಲ್. ಅಯಾನು ಅಂದರೆ ಗ್ರೀಕ್‌ನಲ್ಲಿ 'ಹೋಗುವಂಥದ್ದು'. ಪ್ಲಸ್ ಮೈನಸ್ ಬಿಟ್ಟು ಇಷ್ಟು ನೋಡಿ: ಎಲೆಕ್ಟ್ರಾನ್ ಕಳೆದುಕೊಳ್ಳುವ ಜಾಗ ಆನೋಡ್, ಪಡೆಯುವ ಜಾಗ ಕ್ಯಾಥೋಡ್. ಮಗಳ ಲೋಟದಲ್ಲಿ ಬ್ಯಾಟರಿ ಬಲವಂತವಾಗಿ ಎಲೆಕ್ಟ್ರಾನ್ ಎಳೆಯುತ್ತದೆ, ಹಾಗಾಗಿ ಆನೋಡ್ ಪ್ಲಸ್. ಟಾರ್ಚಿನ ಶೆಲ್ಲಿನಲ್ಲಿ ಸತುವು ತಾನಾಗಿಯೇ ಬಿಟ್ಟುಕೊಡುತ್ತದೆ, ಅಲ್ಲಿ ಆನೋಡೇ ಮೈನಸ್.

ಹಾಂ, ಗುಳ್ಳೆ ಜಾಸ್ತಿ ಬರಲಿ ಅಂತ ಗೋಡೆಯ ಪ್ಲಗ್ಗಿಗೆ ತಂತಿ ಸಿಕ್ಕಿಸುವುದು ಮಾತ್ರ ಬೇಡ.