ಲಿನಕ್ಸ್ ಹಾಕಿದ ಮೇಲೆ ಸ್ಪೀಕರ್ ಸದ್ದಿಲ್ಲ, ಏನು ಮಾಡಲಿ?

ಪ್ರಶ್ನೆ: ಮನೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮಿಂಟ್ 22 ಹಾಕಿಸಿದ್ದೇನೆ. ಉಳಿದೆಲ್ಲವೂ ಸರಿಯಿದೆ, ಆದರೆ ಹಿಂಬದಿಯ ಹಸಿರು ಕಿಂಡಿಗೆ ಜೋಡಿಸಿದ ಸ್ಪೀಕರ್‌ನಿಂದ ಸದ್ದು ಬರುತ್ತಿಲ್ಲ. ಮಗಳು ತನ್ನ ಹಿಂದೂಸ್ತಾನಿ ಗಾಯನದ ಪಾಠಗಳನ್ನು ಇದರಲ್ಲಿಯೇ ಕೇಳಬೇಕು. ಹುಬ್ಬಳ್ಳಿಯ ಅಂಗಡಿಯವರೊಬ್ಬರು ಹೊಸ ಸೌಂಡ್ ಕಾರ್ಡ್ ಕೊಳ್ಳಲು ಹೇಳುತ್ತಾರೆ. ಕೊಳ್ಳಲೇಬೇಕೇ?
– ಓದುಗರು, ಬೆಟಗೇರಿ, ಗದಗ

ಉತ್ತರ: ದಯವಿಟ್ಟು ಈಗಲೇ ಹಣ ಖರ್ಚು ಮಾಡಬೇಡಿ. ಕಾರ್ಡ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಅದು ಲಿನಕ್ಸ್‌ನ ಕಣ್ಣಿಗೆ ಬಿದ್ದಿದೆಯೇ ಎಂದು ನೋಡಬೇಕು. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು 'ಎಪ್ಲೇ' (aplay) ಆದೇಶವನ್ನು, ಜಾಗ ಬಿಟ್ಟು ಒಂದು ಅಡ್ಡಗೆರೆ ಮತ್ತು ಸಣ್ಣ 'ಎಲ್' ಅಕ್ಷರದೊಂದಿಗೆ ಕೊಟ್ಟರೆ, ಪತ್ತೆಯಾದ ಕಾರ್ಡ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ 'ಅನಲಾಗ್' ಎಂಬ ಸಾಲಿದ್ದರೆ ಕಾರ್ಡ್ ನಡೆಸುವ ತಂತ್ರಾಂಶವಾದ ಡ್ರೈವರ್ ಕೆಲಸ ಮಾಡುತ್ತಿದೆ ಎಂದೇ ಅರ್ಥ. ತೊಂದರೆ ಹೆಚ್ಚಾಗಿ ಸೆಟ್ಟಿಂಗ್‌ನಲ್ಲಿರುತ್ತದೆ. ಮಾನಿಟರ್ ಎಚ್‌ಡಿಎಂಐ ಕೇಬಲ್‌ನಲ್ಲಿದ್ದರೆ ಧ್ವನಿ ಅತ್ತ ಹೋಗುತ್ತಿರಬಹುದು. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಅನ್ನು 'ಲೈನ್ ಔಟ್'ಗೆ ಬದಲಿಸಿ.

ಅದರಿಂದಲೂ ಸದ್ದು ಬಾರದಿದ್ದರೆ ಸ್ವಲ್ಪ ಒಳಗೆ ಇಳಿಯಬೇಕು. ಕಾರ್ಡ್‌ನೊಂದಿಗೆ ನೇರವಾಗಿ ವ್ಯವಹರಿಸುವುದು ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಭಾಗವಾಗಿರುವ ಆಲ್ಸಾ. 2003ರಲ್ಲಿ ಬಂದ 2.6ನೇ ಆವೃತ್ತಿಯಿಂದ ಅದು ಅಲ್ಲಿಯೇ ಇದೆ. ಅದರ ಮೇಲೆ ಕುಳಿತು ಹಲವು ತಂತ್ರಾಂಶಗಳ ಧ್ವನಿಯನ್ನು ಬೆರೆಸಿ ಕೊಡುವುದು ಪೈಪ್‌ವೈರ್. ಮೇಲಿನ ಧ್ವನಿಪಟ್ಟಿ ನೂರಕ್ಕೆ ನೂರು ತೋರಿಸುತ್ತಿದ್ದರೂ ಕೆಳಗೆ ಆಲ್ಸಾ ಮ್ಯೂಟ್ ಆಗಿದ್ದರೆ ಏನೂ ಕೇಳಿಸದು. ಟರ್ಮಿನಲ್‌ನಲ್ಲಿ 'ಆಲ್ಸಾಮಿಕ್ಸರ್' (alsamixer) ಆದೇಶ ಕೊಟ್ಟಾಗ ಸಾಮಾನ್ಯವಾಗಿ ಒಂದೇ ಧ್ವನಿಪಟ್ಟಿ ಕಾಣುತ್ತದೆ, ಅನೇಕರು ಅಲ್ಲಿಗೇ ಕೈಚೆಲ್ಲುತ್ತಾರೆ. ಎಫ್6 ಒತ್ತಿ ನಿಜವಾದ ಕಾರ್ಡ್ ಆರಿಸಿಕೊಂಡರೆ ಮಾತ್ರ ಉಳಿದ ಪಟ್ಟಿಗಳು ತೆರೆದುಕೊಳ್ಳುತ್ತವೆ. ಯಾವ ಪಟ್ಟಿಯ ಕೆಳಗೆ 'ಎಂಎಂ' ಎಂದಿದೆಯೋ ಅದು ಮ್ಯೂಟ್ ಆಗಿದೆ. 'ಎಂ' ಕೀಲಿ ಒತ್ತಿದರೆ ತೆರೆಯುತ್ತದೆ.

ನಿಮ್ಮ ವಿವರಣೆ ಓದಿದಾಗ ನನ್ನ ಅನುಮಾನ ಆಲ್ಸಾಮಿಕ್ಸರ್‌ನ ಬಲಗಡೆಯ 'ಆಟೋ-ಮ್ಯೂಟ್ ಮೋಡ್' ಮೇಲೆಯೇ ಇದೆ. ಮುಂಬದಿಯ ಹೆಡ್‌ಫೋನ್ ಕಿಂಡಿಯ ತಂತಿ ಸರಿಯಾಗಿ ಜೋಡಣೆಯಾಗದಿದ್ದರೆ, ಅಲ್ಲಿ ಹೆಡ್‌ಫೋನ್ ಇದೆಯೆಂದೇ ಭಾವಿಸಿ ಈ ಸೌಲಭ್ಯ ಹಿಂಬದಿಯ ಸ್ಪೀಕರ್ ಬಾಯಿ ಮುಚ್ಚಿಸುತ್ತದೆ. ಬಾಣದ ಕೀಲಿಯಿಂದ ಅದನ್ನು 'ಡಿಸೇಬಲ್ಡ್' ಮಾಡಿ, ಎಸ್ಕೇಪ್ ಒತ್ತಿ ಹೊರಬಂದು, 'ಸ್ಪೀಕರ್-ಟೆಸ್ಟ್' ಆದೇಶದಿಂದ ಪರೀಕ್ಷಿಸಿ. ಎಪ್ಲೇ ಕೊಟ್ಟ ಪಟ್ಟಿಯಲ್ಲಿ ಕಾರ್ಡ್ ಕಾಣಿಸದೇ ಇದ್ದರೆ ಮಾತ್ರ, ಬಯೋಸ್‌ನಲ್ಲಿ (ಕಂಪ್ಯೂಟರ್ ಆರಂಭವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಆನ್‌ಬೋರ್ಡ್ ಆಡಿಯೋ ನಿಲ್ಲಿಸಲಾಗಿದೆಯೇ ಎಂದು ನೋಡಬೇಕಾಗುತ್ತದೆ.

ಪ್ರಶ್ನೆ: ಯುಎಸ್‌ಬಿ ಸೌಂಡ್ ಕಾರ್ಡ್ ಲಿನಕ್ಸ್‌ನಲ್ಲಿ ನಡೆಯುತ್ತದೆಯೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬಹುಪಾಲು ನಡೆಯುತ್ತದೆ. ಯುಎಸ್‌ಬಿ ಆಡಿಯೋ ಮಾನದಂಡ ಪಾಲಿಸುವ ಸಾಧನಗಳಿಗೆ ಬೇಕಾದ ಡ್ರೈವರ್ ಕರ್ನೆಲ್‌ನಲ್ಲಿಯೇ ಇರುತ್ತದೆ. ಕೊಳ್ಳುವ ಮುನ್ನ, ತಯಾರಕರು ಪ್ರತ್ಯೇಕ ಡ್ರೈವರ್ ಬೇಡವೆಂದು ಹೇಳಿರುವ ಮಾದರಿಯನ್ನೇ ಆರಿಸಿಕೊಳ್ಳಿ.